ನೌಕರಿ ಮಾಡುತ್ತ ಪಿಎಚ್‌ಡಿ ಮಾಡಬೇಕೇ? ರಿಜಿಸ್ಟ್ರೇಷನ್‌ಗೆ ಮೊದಲು ನೋಡಿಕೊಳ್ಳಬೇಕಾದದ್ದು

ವಿಶ್ವವಿದ್ಯಾಲಯಗಳು ಪಿಎಚ್‌ಡಿ ಪ್ರವೇಶಕ್ಕೆ ಅರ್ಜಿ ಕರೆದಾಗಲೆಲ್ಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಪರಿಚಯದವರಿಂದ ನನಗೆ ಫೋನ್ ಬರುತ್ತದೆ. ಪಿಯು ಕಾಲೇಜಿನ ಉಪನ್ಯಾಸಕರು, ಪಿಡಿಒಗಳು, ಬ್ಯಾಂಕಿನವರು, ಆಸ್ಪತ್ರೆಯಲ್ಲಿ ನರ್ಸಿಂಗ್ ಅಧಿಕಾರಿಯಾಗಿರುವವರು, ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿಕೆ ಮಾಡುವವರು ಹೀಗೆ ಎಲ್ಲ ಥರದವರು. ಕೇಳುವುದು ಮಾತ್ರ ಒಂದೇ: "ಮೇಡಮ್‌ರ, ನೌಕರಿ ಬಿಡದ ಪಿಎಚ್‌ಡಿ ಮಾಡಾಕ ಆಗ್ತೈತೇನ್ರಿ?"

ಆಗುತ್ತದೆ. ನಿಯಮದಲ್ಲಿ ಅವಕಾಶವಿದೆ, ಮಾಡಿ ಮುಗಿಸಿದವರು ನಮ್ಮ ಸುತ್ತಮುತ್ತಲೇ ಇದ್ದಾರೆ. ನಾನೂ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಮುಗಿಸಿದವಳು. ಆದರೆ ಆಗುತ್ತದೆಯೇ ಎನ್ನುವುದಕ್ಕಿಂತ ನಿಮಗೆ ಅದು ಬೇಕೇ, ಈಗಲೇ ಬೇಕೇ ಎನ್ನುವುದನ್ನು ಮೊದಲು ತೀರ್ಮಾನಿಸಬೇಕು. ಬಹಳ ಜನ ಮೊದಲು ವಿಶ್ವವಿದ್ಯಾಲಯ ನೋಡುತ್ತಾರೆ, ಆಮೇಲೆ ಯಾರ ಹತ್ತಿರ ಸೀಟು ಖಾಲಿ ಇದೆ ಎಂದು ಗೈಡ್ (ಸಂಶೋಧನಾ ಮಾರ್ಗದರ್ಶಕರು) ಹುಡುಕುತ್ತಾರೆ, ಸೀಟು ಸಿಕ್ಕ ಮೇಲೆ ಗೈಡ್ ಹೇಳಿದ ವಿಷಯ ಒಪ್ಪಿಕೊಳ್ಳುತ್ತಾರೆ. ಪೂರ್ತಿ ಸಮಯ ಕೊಡುವ ಹುಡುಗ-ಹುಡುಗಿಯರು ಹೀಗೆ ಮಾಡಿ ದಡ ಸೇರಬಹುದು. ನೌಕರಿ, ಮನೆ, ಮಕ್ಕಳು, ವಯಸ್ಸಾದ ತಂದೆ-ತಾಯಿ ಇವೆಲ್ಲದರ ನಡುವೆ ಓದುವವರಿಗೆ ಈ ಕ್ರಮ ತಿರುಗಬೇಕು. ಮೊದಲು ನಿಮ್ಮ ಪ್ರಶ್ನೆ, ಅದರ ಹಿಂದೆ ಗೈಡ್, ವಿಶ್ವವಿದ್ಯಾಲಯ ಕೊನೆಗೆ. ಕೆಳಗಿನ ಹೆಜ್ಜೆಗಳನ್ನು ಆ ಕ್ರಮದಲ್ಲೇ ಇಟ್ಟಿದ್ದೇನೆ.

ಹೆಜ್ಜೆ 1: ಯಾಕೆ ಬೇಕು ಎಂದು ಕಾಗದದ ಮೇಲೆ ಬರೆಯಿರಿ

ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ಬರೆಯಬೇಕು. ಬರೆದಾಗಲೇ ನಿಜವಾದ ಕಾರಣ ಹೊರಗೆ ಬರುವುದು.

ಕಾರಣ ಬಡ್ತಿ ಆಗಿದ್ದರೆ, ನಿಮ್ಮ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳನ್ನು ತೆಗೆದು ಓದಿ. ಸಹೋದ್ಯೋಗಿಗಳ ಬಾಯಿಮಾತು ನಂಬಬೇಡಿ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಿಗೆ ಪಿಎಚ್‌ಡಿಯ ಲೆಕ್ಕ ಸ್ಪಷ್ಟವಾಗಿದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿ ಪ್ರಕಾರ ಸಹ ಪ್ರಾಧ್ಯಾಪಕ ಹುದ್ದೆಗೆ ಏರಲು ಅದು ಬೇಕೇ ಬೇಕು. ಹೈಸ್ಕೂಲು, ಪಿಯು ಕಾಲೇಜು, ಪಂಚಾಯತಿ, ಬ್ಯಾಂಕಿನಲ್ಲಿ ಇರುವವರಿಗೆ ಅಂಥ ಕಡ್ಡಾಯವಿಲ್ಲ. ಅಲ್ಲಿ ಪಿಎಚ್‌ಡಿಯಿಂದ ಏನಾದರೂ ಅನುಕೂಲ ಇದೆಯೇ ಎನ್ನುವುದು ನಿಮ್ಮ ನಿಯಮದ ಪುಸ್ತಕದಲ್ಲಿ ಇರುತ್ತದೆ. ಇಲ್ಲದಿದ್ದರೆ ಇಲ್ಲ ಎಂದೇ ತಿಳಿದು ಮುಂದೆ ಹೋಗಿ.

ಪಿಯು ಕಾಲೇಜಿನಿಂದ ಪದವಿ ಕಾಲೇಜಿಗೆ ಹೋಗುವ ಆಸೆಯಿಂದ ಪಿಎಚ್‌ಡಿ ಮಾಡುತ್ತೇನೆ ಎನ್ನುವವರಿಗೆ ಒಂದು ಮಾತು. 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ), ಸೆಟ್ ಅಥವಾ ಸ್ಲೆಟ್ (ರಾಜ್ಯಮಟ್ಟದವು) ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ. ನಿಮ್ಮ ಗುರಿ ಆ ಹುದ್ದೆಯೇ ಆಗಿದ್ದರೆ ಮೊದಲು ಕರ್ನಾಟಕದ ಸೆಟ್ ಆದ ಕೆಸೆಟ್ ಅಥವಾ ನೆಟ್‌ಗೆ ಕೂಡಿರಿ. ಆರು ವರ್ಷದ ದಾರಿಗಿಂತ ಒಂದು ವರ್ಷದ ತಯಾರಿ ನಿಮ್ಮನ್ನು ಅಲ್ಲಿಗೆ ಬೇಗ ಮುಟ್ಟಿಸಬಹುದು. ಪಿಎಚ್‌ಡಿ ಆಮೇಲೂ ಮಾಡಬಹುದು.

ಹೆಸರಿನ ಮುಂದೆ 'ಡಾ.' ಬರಬೇಕು ಎಂಬ ಆಸೆ ಇದ್ದರೆ ಅದನ್ನೂ ಬರೆಯಿರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮನೆತನದಲ್ಲಿ ಮೊದಲ ಸಲ ಎಂ.ಎ. ಮಾಡಿದ ಹೆಣ್ಣುಮಗಳಿಗೆ ಆ ಎರಡು ಅಕ್ಷರ ಎಷ್ಟು ದೊಡ್ಡವು ಎಂದು ನನಗೆ ಗೊತ್ತು. ಆದರೆ ಮೂರನೆಯ ವರ್ಷ, ಮಾಹಿತಿ ಅರ್ಧ ಸಂಗ್ರಹವಾಗಿ, ಒಂದು ಅಧ್ಯಾಯವೂ ನೆಟ್ಟಗೆ ನಿಲ್ಲದೆ, ಕಾಲೇಜಿನಲ್ಲಿ ನ್ಯಾಕ್ (ಗುಣಮಟ್ಟದ ಮಾನ್ಯತೆ) ಕೆಲಸ ಮೈಮೇಲೆ ಬಿದ್ದಾಗ ಆ ಆಸೆಯೊಂದೇ ನಿಮ್ಮನ್ನು ರಾತ್ರಿ ಮೇಜಿನ ಮುಂದೆ ಕೂರಿಸುವುದಿಲ್ಲ. ಕೂರಿಸುವುದು, ಉತ್ತರ ಸಿಗದೆ ಕಾಡುವ ಒಂದು ಪ್ರಶ್ನೆ. ನಿಮ್ಮ ಹಾಳೆಯಲ್ಲಿ ಅದು ಇದೆಯೇ ನೋಡಿ.

ಹೆಜ್ಜೆ 2: ಪ್ರಶ್ನೆಯನ್ನು ನಿಮ್ಮ ಕೆಲಸದಲ್ಲೇ ಹುಡುಕಿ

ನೌಕರಿ ಮಾಡುವವರಿಗೆ ಒಂದು ದೊಡ್ಡ ಅನುಕೂಲ ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಪೂರ್ತಿ ಸಮಯದ ಸಂಶೋಧಕರು ಊರೂರು ತಿರುಗಿ, ಪರಿಚಯ ಮಾಡಿಕೊಂಡು, ವಿಶ್ವಾಸ ಗಳಿಸಿ ಪಡೆಯಬೇಕಾದ ಸಂಗತಿ ನಿಮ್ಮ ಕಣ್ಣ ಮುಂದೆ ದಿನಾ ನಡೆಯುತ್ತಿರುತ್ತದೆ. ಹುಬ್ಬಳ್ಳಿಯ ನೈಋತ್ಯ ರೈಲ್ವೆಯ ನೌಕರರಿಗೆ, ಗದಗ-ಬೆಟಗೇರಿಯ ನೇಕಾರರ ಜೊತೆ ವ್ಯವಹರಿಸುವ ಅಧಿಕಾರಿಗೆ, ರೋಣ ತಾಲ್ಲೂಕಿನ ಪಿಡಿಒಗೆ ಗೊತ್ತಿರುವುದು ಪ್ರಾಧ್ಯಾಪಕರಿಗೂ ಗೊತ್ತಿರುವುದಿಲ್ಲ. ಆ ಬಲ ಬಿಟ್ಟು, ಯಾರೋ ಸೂಚಿಸಿದ ಗೊತ್ತಿಲ್ಲದ ವಿಷಯ ಹಿಡಿದರೆ ನಿಮ್ಮ ಹತ್ತಿರ ಇದ್ದ ಒಂದೇ ಅನುಕೂಲವನ್ನೂ ಕಳೆದುಕೊಂಡಂತೆ.

ಪ್ರಶ್ನೆ ಹೇಗೆ ಹುಟ್ಟುತ್ತದೆ ಎಂದು ಒಂದು ಉದಾಹರಣೆಯಲ್ಲಿ ನೋಡೋಣ. ಬ್ಯಾಡಗಿಯಲ್ಲಿ ಬ್ಯಾಂಕಿನ ಕೃಷಿ ಸಾಲದ ವಿಭಾಗದಲ್ಲಿ ಇರುವವರೊಬ್ಬರು ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಬೇಕು ಅಂದುಕೊಂಡಿದ್ದಾರೆ ಎನ್ನಿ. ಮೊದಲು ಅವರು ಬರೆಯುವ ಶೀರ್ಷಿಕೆ 'ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ: ಒಂದು ಅಧ್ಯಯನ'. ಇದು ವಿಷಯ, ಪ್ರಶ್ನೆ ಆಗಿಲ್ಲ. ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದು, ಮಾರುಕಟ್ಟೆಯ ಇತಿಹಾಸ, ಆವಕ, ದರದ ಏರಿಳಿತ ಎಲ್ಲ ಸೇರಿಸಿ ಮುನ್ನೂರು ಪುಟ ತುಂಬಬಹುದು, ಆದರೆ ಹೊಸದಾಗಿ ಏನು ತಿಳಿಯಿತು ಎಂದು ವೈವಾದಲ್ಲಿ (ಕೊನೆಯ ಮೌಖಿಕ ಪರೀಕ್ಷೆ) ಕೇಳಿದರೆ ಉತ್ತರ ಇರುವುದಿಲ್ಲ. ಎರಡನೆಯ ಸುತ್ತಿನಲ್ಲಿ ಅವರು ಕೇಳಿಕೊಳ್ಳಬೇಕು: ನನ್ನ ಕೆಲಸದಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಯಾವುದು? 2024ರ ಮಾರ್ಚ್‌ನಲ್ಲಿ ದರ ಕುಸಿದು ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿದ್ದ ಮಟ್ಟಿಗೆ ರೈತರು ಸಿಟ್ಟಿಗೆದ್ದರು. ಊರಿನ ಸುತ್ತ ಕೋಲ್ಡ್ ಸ್ಟೋರೇಜ್‌ಗಳು ಸಾಲಾಗಿ ಇವೆ. ಹಾಗಿದ್ದರೂ ಕೆಲವರು ದರ ಬರುವ ತನಕ ಮಾಲು ಇಟ್ಟು ಕಾಯುತ್ತಾರೆ, ಇನ್ನು ಕೆಲವರು ಬಂದ ದಿನವೇ ಬಂದ ದರಕ್ಕೆ ಕೊಟ್ಟು ಹೋಗುತ್ತಾರೆ. ಯಾಕೆ? ಇಲ್ಲಿಂದ ಪ್ರಶ್ನೆ ರೂಪ ಪಡೆಯುತ್ತದೆ: ಬೆಳೆಗೆ ಸಾಲ ಕೊಟ್ಟವರು ಬ್ಯಾಂಕಿನವರೋ, ಸಹಕಾರಿ ಸಂಘವೋ, ದಲಾಲರೋ ಎನ್ನುವುದರ ಮೇಲೆ ರೈತ ಎಷ್ಟು ದಿನ ಕಾಯಬಲ್ಲ ಎನ್ನುವುದು ನಿಂತಿದೆಯೇ? ಇದಕ್ಕೆ ಹೌದು ಅಥವಾ ಇಲ್ಲ ಎನ್ನಬಹುದು, ಅಳೆಯಬಹುದು, ಎರಡು ತಾಲ್ಲೂಕಿನ ಇನ್ನೂರು ರೈತರನ್ನು ಕೇಳಿ ನೋಡಬಹುದು. ನೌಕರಿಯಲ್ಲಿದ್ದವರೊಬ್ಬರು ಐದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಅಳತೆ ಅದು.

ಗದಗದ ಸಹಕಾರ ಇಲಾಖೆಯವರಿಗೂ ಹೀಗೇ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ ಕಣಗಿನಹಾಳ ಅವರ ಮಗ್ಗುಲಲ್ಲೇ ಇದೆ. ಅದರ ಹಿರಿಮೆ ಹೇಳುವ ಬರಹ ಬೇಕಷ್ಟಿವೆ, ಆದರೆ ಒಂದೇ ಹೋಬಳಿಯ ಒಂದು ಸಂಘ ಉಳಿದು ಇನ್ನೊಂದು ಮುಳುಗಿದ್ದು ಹೇಗೆ ಎಂದು ಲೆಕ್ಕದ ಪುಸ್ತಕ ಹಿಡಿದು ಕೂತು ನೋಡಿದವರು ಕಡಿಮೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಮಾಹಿತಿ ನಿಮ್ಮ ಕೈಯಲ್ಲಿದೆ ಎಂದ ಮಾತ್ರಕ್ಕೆ ಅದು ನಿಮ್ಮದಲ್ಲ. ಗ್ರಾಹಕರ ಸಾಲದ ಖಾತೆ, ರೋಗಿಗಳ ಕೇಸ್ ಶೀಟು, ವಿದ್ಯಾರ್ಥಿಗಳ ದಾಖಲೆ ಇವುಗಳನ್ನು ಸಂಶೋಧನೆಗೆ ಬಳಸಲು ಸಂಸ್ಥೆಯ ಲಿಖಿತ ಅನುಮತಿ ಬೇಕು. ಆಸ್ಪತ್ರೆಯದಾದರೆ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು, ಅದೂ ಮಾಹಿತಿ ಸಂಗ್ರಹ ಶುರುಮಾಡುವ ಮೊದಲೇ.

ಹೆಜ್ಜೆ 3: ಮೂರು ತಿಂಗಳು ಸಂಶೋಧಕರಂತೆ ಬದುಕಿ ನೋಡಿ

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಮಾಡುತ್ತೀರಿ ಎಂದಾದರೆ ಇದನ್ನು ಮಾಡಿ. ಅರ್ಜಿ ತುಂಬುವ ಮೊದಲು, ಶುಲ್ಕ ಕಟ್ಟುವ ಮೊದಲು, ಯಾರಿಗೂ ಹೇಳುವ ಮೊದಲು ಮೂರು ತಿಂಗಳು ಹಿಡಿದು ನೋಡಿ. ವಾರದಲ್ಲಿ ಮೂರು ಸಂಜೆ ಎರಡೆರಡು ತಾಸು, ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದ ತನಕ. ಸುಮಾರು ಹತ್ತು ತಾಸು ಆಗುತ್ತದೆ. ಪಾರ್ಟ್‌ಟೈಮ್ ಪಿಎಚ್‌ಡಿಗೆ ಇದಕ್ಕಿಂತ ಕಡಿಮೆ ಕೊಟ್ಟರೆ ಮುಗಿಯುವುದು ಕಷ್ಟ.

ಮೊದಲ ತಿಂಗಳು ಓದಿಗೆ. ಶೋಧಗಂಗಾ ಜಾಲತಾಣದಲ್ಲಿ ನಮ್ಮ ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಪುಕ್ಕಟೆ ಸಿಗುತ್ತವೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವೂ ಅಲ್ಲಿವೆ. ನಿಮ್ಮ ಪ್ರಶ್ನೆಗೆ ಹತ್ತಿರದ ಐದು ಪ್ರಬಂಧ ಇಳಿಸಿಕೊಳ್ಳಿ. ಮೊದಲ ಪುಟದಿಂದ ಓದಬೇಡಿ. ಕೊನೆಯ ಅಧ್ಯಾಯದಿಂದ ಶುರುಮಾಡಿ: ಇವರು ಕಂಡುಕೊಂಡದ್ದೇನು? ಆಮೇಲೆ ಸಂಶೋಧನಾ ವಿಧಾನದ ಅಧ್ಯಾಯ: ಅದನ್ನು ಹೇಗೆ ಕಂಡುಕೊಂಡರು, ಎಷ್ಟು ಜನರನ್ನು ಕೇಳಿದರು, ಯಾವ ದಾಖಲೆ ನೋಡಿದರು? ಆಮೇಲೆ ಗ್ರಂಥಋಣ: ಐದೂ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು ಯಾವವು? ಆ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದಿಡಿ, ಮುಂದೆ ಓದಬೇಕಾದದ್ದು ಅವನ್ನೇ. ಪ್ರತಿ ಪ್ರಬಂಧಕ್ಕೆ ಒಂದು ಪುಟದ ಟಿಪ್ಪಣಿ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಕೊನೆಯ ಸಾಲು ಹೀಗಿರಲಿ: 'ಇವರು ಕೇಳದೆ ಬಿಟ್ಟ ಪ್ರಶ್ನೆ…' ಆ ಸಾಲು ತುಂಬಲು ಆಗುತ್ತಿದ್ದರೆ ನೀವು ಸರಿಯಾದ ದಾರಿಯಲ್ಲಿ ಇದ್ದೀರಿ.

ಎರಡನೆಯ ತಿಂಗಳು ನಾಲ್ಕೈದು ಜನರನ್ನು ಭೇಟಿಯಾಗಿ, ಅಥವಾ ಒಂದು ದಾಖಲೆಯ ಕಟ್ಟು ಬಿಚ್ಚಿ, ಸಣ್ಣ ಪ್ರಮಾಣದಲ್ಲಿ ಮಾಹಿತಿ ತನ್ನಿ. ಮೂರನೆಯ ತಿಂಗಳು ಹತ್ತು ಪುಟ ಬರೆಯಿರಿ.

ಮೂರು ತಿಂಗಳ ಕೊನೆಗೆ ನೋಡಬೇಕಾದ್ದು ಹತ್ತು ಪುಟದ ಗುಣಮಟ್ಟವನ್ನಲ್ಲ. ನೀವು ಕೂತಿರೋ ಇಲ್ಲವೋ, ಅದನ್ನು ನೋಡಿ. ಕೂಡಲು ಆಗದೆ ತಪ್ಪಿದ ದಿನಗಳ ಕಾರಣ ಏನಿತ್ತು? ಜಾತ್ರೆ, ಮದುವೆ, ಜ್ವರ ಆಗಿದ್ದರೆ ಅದು ಎಲ್ಲರಿಗೂ ಇರುವುದೇ. ಪ್ರತಿ ಸಲ 'ಇವತ್ತು ಮನಸ್ಸಿಲ್ಲ' ಎಂದೇ ಆಗಿದ್ದರೆ ಆ ಪ್ರಶ್ನೆ ನಿಮ್ಮದಲ್ಲ, ಬೇರೆ ಪ್ರಶ್ನೆ ಹುಡುಕಬೇಕು ಅಥವಾ ಈ ಯೋಚನೆಯನ್ನೇ ಬಿಡಬೇಕು. ಕೂತಾಗ ತಾಸು ಕಳೆದದ್ದು ತಿಳಿಯಲಿಲ್ಲ ಎನಿಸಿದ್ದರೆ, ಪುಟಗಳು ಎಷ್ಟೇ ಕಚ್ಚಾ ಇರಲಿ, ಮುಂದುವರಿಯಿರಿ.

ಹೆಜ್ಜೆ 4: ಮನೆಯವರ ಜೊತೆ ಕೂತು ವರ್ಷದ ಲೆಕ್ಕ ಹಾಕಿ

ವಾರಕ್ಕೆ 12 ತಾಸು ಹಿಡಿದರೆ ವರ್ಷಕ್ಕೆ ಸುಮಾರು 600 ತಾಸು, ಐದು ವರ್ಷಕ್ಕೆ 3,000. ಆ ತಾಸುಗಳು ಎಲ್ಲಿಂದಲೋ ಬರುವುದಿಲ್ಲ, ಮನೆಯವರ ಪಾಲಿನಿಂದಲೇ ಬರುತ್ತವೆ. ಹಾಗಾಗಿ ಅವರ ಒಪ್ಪಿಗೆ ಬೇಕು. 'ಮಾಡು ಬಿಡು, ಯಾರು ಬ್ಯಾಡ ಅಂದಾರ' ಎಂಬ ಮಾತು ಒಪ್ಪಿಗೆ ಅಲ್ಲ. ಭಾನುವಾರ ಮುಂಜಾನೆ ಅಡುಗೆ ಯಾರು ಮಾಡುತ್ತಾರೆ, ಮಗನ ಟ್ಯೂಷನ್‌ಗೆ ಯಾರು ಬಿಟ್ಟು ಬರುತ್ತಾರೆ, ಅತ್ತೆಯವರನ್ನು ದವಾಖಾನೆಗೆ ಕರೆದೊಯ್ಯುವವರು ಯಾರು ಎಂದು ಹೆಸರು ಹಿಡಿದು ಮಾತಾಡಿ. ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಗಂಡಸರು ಪಿಎಚ್‌ಡಿಗೆ ಕೂತರೆ ಮನೆ ತಾನಾಗಿ ಸುಮ್ಮನಾಗುತ್ತದೆ, ಹೆಂಗಸರು ಕೂತರೆ ಎಲ್ಲರಿಗೂ ಆಗಲೇ ಚಹಾ ನೆನಪಾಗುತ್ತದೆ. ಇದು ಬದಲಾಗಬೇಕು. ಮೊದಲೇ ಮಾತಾಡಿದರೆ ಬದಲಾಗುತ್ತದೆ, ನಾನು ಕಂಡಿದ್ದೇನೆ.

ಆಮೇಲೆ ಕ್ಯಾಲೆಂಡರ್ ತೆಗೆದು ನಿಮ್ಮ ಕೆಲಸದ ಬಿಗಿಯಾದ ತಿಂಗಳುಗಳನ್ನು ಗುರುತು ಹಾಕಿ. ಪಿಯು ಉಪನ್ಯಾಸಕರಿಗೆ ಮಾರ್ಚ್ ಪರೀಕ್ಷೆ, ಬೆನ್ನಿಗೇ ಮೌಲ್ಯಮಾಪನ. ಪಿಡಿಒ ಮತ್ತು ಬ್ಯಾಂಕಿನವರಿಗೆ ಮಾರ್ಚ್ ಕೊನೆ ಉಸಿರು ಬಿಡಲು ಬಿಡುವುದಿಲ್ಲ. ಚುನಾವಣೆ, ಗಣತಿ ಬಂದರೆ ಶಿಕ್ಷಕರ ಆ ವರ್ಷದ ಕೆಲವು ತಿಂಗಳು ಹೋದವು. ಹೊಲ ಇದ್ದವರಿಗೆ ಮುಂಗಾರು ಬಿತ್ತನೆ, ಹಿಂಗಾರು ಸುಗ್ಗಿ. ಇವೆಲ್ಲ ಕಳೆದು ಉಳಿದ ತಿಂಗಳು ಎಷ್ಟು ಎಂದು ಎಣಿಸಿ. ಐದಾರು ಉಳಿದರೆ ನಡೆಯುತ್ತದೆ, ಎರಡೇ ಉಳಿದರೆ ಯೋಚಿಸಿ.

ಹೆಜ್ಜೆ 5: ನಿಯಮ ತಿಳಿದುಕೊಳ್ಳಿ

ಯುಜಿಸಿ 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್‌ಡಿ ನಿಯಮಾವಳಿ ಈಗ ಜಾರಿಯಲ್ಲಿದೆ. ನಿಮಗೆ ಬೇಕಾದ ಅಂಶಗಳು ಇಷ್ಟು.

ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ. 5 ಸಡಿಲಿಕೆ ಇದೆ. ಪಾರ್ಟ್‌ಟೈಮ್ ಪಿಎಚ್‌ಡಿಗೆ ಒಪ್ಪಿಗೆ ಇದೆ. ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ಪಿಎಚ್‌ಡಿ ಇಲ್ಲವೇ ಇಲ್ಲ. ಯಾರಾದರೂ ಕೊಡಿಸುತ್ತೇನೆ ಎಂದರೆ ಅಲ್ಲಿಗೇ ಮಾತು ಮುಗಿಸಿ.

ಅವಧಿ ಕೋರ್ಸ್‌ವರ್ಕ್ (ಶುರುವಿನಲ್ಲಿ ಮುಗಿಸಬೇಕಾದ ತರಗತಿಗಳು) ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿ ಇನ್ನೆರಡು ವರ್ಷ ಪಡೆಯಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೆರಡು ವರ್ಷದ ರಿಯಾಯಿತಿ ಇದೆ, ಒಟ್ಟು 10 ವರ್ಷ ಮೀರುವಂತಿಲ್ಲ. ಮಹಿಳೆಯರು ಇಡೀ ಅವಧಿಯಲ್ಲಿ 240 ದಿನದ ತನಕ ಹೆರಿಗೆ ಅಥವಾ ಶಿಶುಪಾಲನಾ ರಜೆ ಪಡೆಯಬಹುದು. ಮಗು ಸಣ್ಣದಿದೆ ಎಂದು ಹಿಂದೇಟು ಹಾಕುವ ಗೆಳತಿಯರಿಗೆ ಈ ಸಾಲನ್ನು ನಾನು ಮೊದಲು ತೋರಿಸುತ್ತೇನೆ.

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕು. ಪಾರ್ಟ್‌ಟೈಮ್ ಎಂದು ಇದರಲ್ಲಿ ವಿನಾಯಿತಿ ಇಲ್ಲ, ಮೌಲ್ಯಮಾಪನವೂ ಎಲ್ಲರಿಗೂ ಒಂದೇ. ಅದೇ ಸರಿ ಕೂಡ. ಕಡಿಮೆ ಅಳತೆಯಲ್ಲಿ ಅಳೆದ ಪದವಿ ನಿಮಗೂ ಬೇಡ.

ಹೆಜ್ಜೆ 6: ಎನ್‌ಒಸಿ ಕೇಳಿ, ಈಗಲೇ ಕೇಳಿ

ಪಾರ್ಟ್‌ಟೈಮ್ ಅಭ್ಯರ್ಥಿಗಳ ಅರ್ಜಿ ಹೆಚ್ಚಾಗಿ ತೊಡರುವುದು ಇಲ್ಲಿ. ನಿಯಮದ ಪ್ರಕಾರ ನಿಮ್ಮ ಸಂಸ್ಥೆಯ ನಿರಾಕ್ಷೇಪಣಾ ಪತ್ರದಲ್ಲಿ, ಅಂದರೆ ಎನ್‌ಒಸಿಯಲ್ಲಿ, ಮೂರು ಮಾತು ಇರಬೇಕು. ಪಾರ್ಟ್‌ಟೈಮ್ ಓದಲು ಅನುಮತಿ ಇದೆ ಎನ್ನುವುದು ಒಂದು. ಕಚೇರಿ ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಕೊಡಲು ಆಗುತ್ತದೆ ಎನ್ನುವುದು ಎರಡು. ಅಗತ್ಯ ಬಿದ್ದರೆ ಕೋರ್ಸ್‌ವರ್ಕ್ ಮುಗಿಸಲು ಕೆಲಸದಿಂದ ಬಿಡುಗಡೆ ಮಾಡುತ್ತೇವೆ ಎನ್ನುವುದು ಮೂರು. ಮೊದಲೆರಡು ಮಾತಿಗೆ ಯಾವ ಮೇಲಧಿಕಾರಿಯೂ ಸಹಿ ಹಾಕುತ್ತಾರೆ. ಮೂರನೆಯದಕ್ಕೆ ಪೆನ್ನು ನಿಲ್ಲುತ್ತದೆ, ಏಕೆಂದರೆ ನೀವು ಹೋದರೆ ಆ ತಾಸು ಯಾರು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಅವರಿಗಿದೆ.

ಅದಕ್ಕೆ ಬರಿಗೈಯಲ್ಲಿ ಹೋಗಬೇಡಿ. ಕೋರ್ಸ್‌ವರ್ಕ್ ತರಗತಿ ಯಾವ ತಿಂಗಳು, ವಾರದಲ್ಲಿ ಎಷ್ಟು ದಿನ ಎಂದು ವಿಭಾಗದಲ್ಲಿ ಕೇಳಿ ತಿಳಿದುಕೊಂಡು, ಆ ದಿನಗಳಲ್ಲಿ ನಿಮ್ಮ ಕೆಲಸಕ್ಕೆ ಏನು ವ್ಯವಸ್ಥೆ ಎಂದು ನೀವೇ ಬರೆದುಕೊಂಡು ಹೋಗಿ. ನಿಮ್ಮ ಬದಲು ತಾಸು ತೆಗೆದುಕೊಳ್ಳಲು ಒಪ್ಪಿದ ಸಹೋದ್ಯೋಗಿಯನ್ನು ಜೊತೆಗೇ ಕರೆದೊಯ್ದರೆ ಇನ್ನೂ ಒಳ್ಳೆಯದು. ಸರ್ಕಾರಿ ನೌಕರರ ಕಡತ ತಾಲ್ಲೂಕು, ಜಿಲ್ಲೆ, ಬೆಂಗಳೂರು ಎಂದು ಸುತ್ತಿ ಬರುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿರುತ್ತದೆ. ಪ್ರವೇಶದ ಪ್ರಕಟಣೆಗೆ ಕಾಯದೆ ಕಡತ ಓಡಿಸಿ. ಖಾಸಗಿ ಸಂಸ್ಥೆಯಲ್ಲಿದ್ದವರು ಬಾಯಿಮಾತಿನ ಭರವಸೆಗೆ ನಿಲ್ಲಬೇಡಿ. ಪ್ರಾಚಾರ್ಯರು ಬದಲಾಗುತ್ತಾರೆ, ಆಡಳಿತ ಮಂಡಳಿ ಬದಲಾಗುತ್ತದೆ, ಉಳಿಯುವುದು ಲೆಟರ್‌ಹೆಡ್ ಮೇಲಿನ ಸಹಿ.

ಹೆಜ್ಜೆ 7: ಗೈಡ್

ಒಳ್ಳೆಯ ಗೈಡ್ ಸಿಕ್ಕರೆ ಸಾಧಾರಣ ವಿಷಯವೂ ದಡ ಮುಟ್ಟುತ್ತದೆ, ಹೊಂದದ ಗೈಡ್ ಸಿಕ್ಕರೆ ಒಳ್ಳೆಯ ವಿಷಯವೂ ಸೊರಗುತ್ತದೆ. ಹೆಸರು ದೊಡ್ಡದು ಎನ್ನುವುದಕ್ಕಿಂತ ಬೇರೆ ಮೂರ್ನಾಲ್ಕು ಸಂಗತಿ ನೋಡಿ.

ಮೊದಲನೆಯದು ನಿವೃತ್ತಿಯ ದಿನಾಂಕ. ಸೇವೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ನಾಲ್ಕು ವರ್ಷ ಉಳಿದವರು ತೆಗೆದುಕೊಳ್ಳಬಹುದು, ಆದರೆ ನಿಮ್ಮ ಪಾರ್ಟ್‌ಟೈಮ್ ಪ್ರಬಂಧ ಅಷ್ಟರೊಳಗೆ ಮುಗಿಯುವುದು ಅನುಮಾನ. ಆಮೇಲೆ ಅವರು ಸಹ ಮಾರ್ಗದರ್ಶಕರಾಗಿ ಮಾತ್ರ ಇರಬಹುದು, ಅದೂ 70 ವರ್ಷ ವಯಸ್ಸಿನ ತನಕ. ಎರಡನೆಯದು ಅವರ ಹತ್ತಿರ ಎಷ್ಟು ಜನ ಇದ್ದಾರೆ ಎನ್ನುವುದು. ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಮಿತಿ. ನಾಲ್ಕೇ ಜನರ ಮಿತಿ ಇರುವ, ಇನ್ನೂ ಹದಿನೈದು ವರ್ಷ ಸೇವೆ ಇರುವ ಕಿರಿಯ ಸಹಾಯಕ ಪ್ರಾಧ್ಯಾಪಕರನ್ನು ನಮ್ಮ ಕಡೆ ಜನ ಕಡೆಗಣಿಸುತ್ತಾರೆ. ನೌಕರಿ ಮಾಡುವವರಿಗೆ ಅಂಥವರೇ ಹೆಚ್ಚು ಹೊಂದುತ್ತಾರೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅವರು ಅಧ್ಯಾಯ ಓದುತ್ತಾರೆ.

ಉಳಿದದ್ದನ್ನು ಅವರ ವಿದ್ಯಾರ್ಥಿಗಳನ್ನೇ ಕೇಳಿ. ಕ್ಯಾಂಪಸ್‌ಗೆ ಹೋಗಿ, ಗ್ರಂಥಾಲಯದಲ್ಲಿ ಕೂತವರ ಜೊತೆ ಒಂದು ಚಹಾ ಕುಡಿಯಿರಿ. "ಸರ್‌ಗೆ ಅಧ್ಯಾಯ ಕೊಟ್ರ ಎಷ್ಟು ದಿನಕ್ಕ ವಾಪಸ್ ಕೊಡ್ತಾರ್ರಿ?" ಎಂದು ಕೇಳಿ. "ಹದಿನೈದು ದಿನಕ್ಕ" ಎಂದರೆ ಸಂತೋಷ. "ಅದೇನ್ ಕೇಳ್ಬ್ಯಾಡ್ರಿ" ಎಂದರೆ ಉತ್ತರ ಸಿಕ್ಕಿತು. ಪಾರ್ಟ್‌ಟೈಮ್ ಮಾಡಿ ಮುಗಿಸಿದವರು ಅವರ ಕೈಕೆಳಗೆ ಯಾರಾದರೂ ಇದ್ದಾರೆಯೇ? ಭಾನುವಾರ ಅಥವಾ ಸಂಜೆ ಫೋನಿನಲ್ಲಿ ಮಾತಾಡುತ್ತಾರೆಯೇ? ಸ್ವಂತ ಕೆಲಸಕ್ಕೆ, ಮನೆಗೆಲಸಕ್ಕೆ ವಿದ್ಯಾರ್ಥಿಗಳನ್ನು ಹಚ್ಚುವವರ ಸುದ್ದಿ ಕಿವಿಗೆ ಬಿದ್ದರೆ ದೂರ ಇರಿ, ಎಷ್ಟೇ ದೊಡ್ಡ ವಿದ್ವಾಂಸರಾಗಿರಲಿ.

ಭೇಟಿಗೆ ಹೋಗುವಾಗ ಹಾರ, ಹಣ್ಣು ಬೇಡ. ಹೆಜ್ಜೆ 3ರಲ್ಲಿ ಬರೆದ ಹತ್ತು ಪುಟದಿಂದ ಎರಡು ಪುಟದ ಸಾರ ತೆಗೆದು ಒಯ್ಯಿರಿ. ಅದನ್ನು ಅವರು ಓದಿ ನಿಮ್ಮನ್ನು ಪ್ರಶ್ನೆ ಕೇಳಿದರೆ ಅಲ್ಲಿ ನಿಮಗೆ ಜಾಗ ಇದೆ. ಓದದೆ ಬದಿಗಿಟ್ಟು 'ಆಯ್ತು, ನೋಡೋಣ' ಎಂದರೆ ಇನ್ನೊಂದು ಬಾಗಿಲು ತಟ್ಟಿ.

ಹೆಜ್ಜೆ 8: ವಿಶ್ವವಿದ್ಯಾಲಯ

ಈ ವಿಚಾರದಲ್ಲಿ ನಮ್ಮ ಭಾಗದವರು ಅದೃಷ್ಟವಂತರು. ಕಲೆ, ವಿಜ್ಞಾನ, ಸಮಾಜ ವಿಜ್ಞಾನಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಕೃಷಿಗೆ ಅಲ್ಲಿಯದೇ ಕೃಷಿ ವಿಶ್ವವಿದ್ಯಾಲಯ. ಕಾನೂನಿಗೆ ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯ. ಗ್ರಾಮೀಣಾಭಿವೃದ್ಧಿಗೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಜಾನಪದಕ್ಕೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ. ಎಂಜಿನಿಯರಿಂಗ್‌ಗೆ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದ ಐಐಟಿ. ಹೊಸಪೇಟೆ ಕಡೆಯ ರೈಲು ಹಿಡಿದರೆ ಗದಗದವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ದೂರವಲ್ಲ, ಅಲ್ಲಿ ಕನ್ನಡದಲ್ಲೇ ಬರೆಯಬಹುದು. ಉಳಿದ ಕಡೆ ನಿಮ್ಮ ವಿಷಯದಲ್ಲಿ ಕನ್ನಡದಲ್ಲಿ ಬರೆಯಲು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿ. ಯೋಚನೆ ಕನ್ನಡದಲ್ಲಿ ಬರುವವರು ಇಂಗ್ಲಿಷಿನಲ್ಲಿ ಒದ್ದಾಡಿ ಎರಡು ವರ್ಷ ಕಳೆದುಕೊಳ್ಳಬಾರದು.

ಹತ್ತಿರದ್ದು ಎನ್ನುವುದು ಸಣ್ಣ ವಿಚಾರವಲ್ಲ. ಹುಬ್ಬಳ್ಳಿಯವರು ಕಚೇರಿ ಬಿಟ್ಟು ಚಿಗರಿ ಬಸ್ ಹತ್ತಿದರೆ ಅದೇ ಸಂಜೆ ಧಾರವಾಡದಲ್ಲಿ ಗೈಡ್ ಮುಂದೆ ಕೂಡಬಹುದು. ಹಾವೇರಿಯವರಿಗೆ ಅದು ಪೂರ್ತಿ ಒಂದು ದಿನದ ರಜೆ.

ಹೆಜ್ಜೆ 9: ದುಡ್ಡು, ಮತ್ತು ದುಡ್ಡಿನ ಹೆಸರಲ್ಲಿ ಬರುವ ಮೋಸ

ವಾರ್ಷಿಕ ಶುಲ್ಕದ ಜೊತೆಗೆ ಓಡಾಟ, ಕ್ಷೇತ್ರಕಾರ್ಯ, ಪುಸ್ತಕ, ಡಿಟಿಪಿ, ಬೈಂಡಿಂಗ್, ಸಂಬಳವಿಲ್ಲದ ರಜೆ ಹಾಕಿದ ದಿನಗಳು ಎಲ್ಲ ಬರೆದು ಒಟ್ಟು ಮಾಡಿ. ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಖರ್ಚು ಉಳಿಯುತ್ತದೆ. ಐದು ವರ್ಷದಲ್ಲಿ ಅದು ಸಣ್ಣ ಮೊತ್ತವಲ್ಲ. ನೌಕರಿಯಲ್ಲಿದ್ದು ಫೆಲೋಶಿಪ್ ಪಡೆಯಲು ಬರುವುದಿಲ್ಲ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಆದವರಿಗೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದ ಮೇಲೆ 42,000. ಖಾಸಗಿ ಕಾಲೇಜಿನಲ್ಲಿ ಇದಕ್ಕಿಂತ ಕಡಿಮೆ ಸಂಬಳಕ್ಕೆ ದುಡಿಯುತ್ತಿರುವ, ಜೆಆರ್‌ಎಫ್ ವಯೋಮಿತಿಯೊಳಗೆ ಇರುವ ತಮ್ಮ-ತಂಗಿಯರು ನೌಕರಿ ಬಿಟ್ಟು ಪೂರ್ತಿ ಸಮಯ ಓದುವುದನ್ನು ಗಂಭೀರವಾಗಿ ಯೋಚಿಸಬೇಕು.

ಮೋಸದ ಬಗ್ಗೆ ನನಗೆ ನಿಜಕ್ಕೂ ಕಳವಳ ಇದೆ. ಸಮಯ ಇಲ್ಲದ ನೌಕರರೇ ಅದರ ಗುರಿ. 'ಥೀಸಿಸ್ ಬರೆದು ಕೊಡುತ್ತೇವೆ, ಪೇಪರ್ ಹಾಕಿಸುತ್ತೇವೆ' ಎನ್ನುವವರು ವಾಟ್ಸ್ಆ್ಯಪ್‌ನಲ್ಲಿ ತಾವೇ ಬರುತ್ತಾರೆ. ಬೇರೆಯವರು ಬರೆದ ಪ್ರಬಂಧ ನಿಮ್ಮದಾಗುವುದಿಲ್ಲ, ಸಿಕ್ಕಿಬಿದ್ದರೆ ನೌಕರಿಗೂ ಕುತ್ತು. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮ ಸ್ಪಷ್ಟ: ಹೋಲಿಕೆ ಶೇ. 10ರ ತನಕ ದಂಡನೆ ಇಲ್ಲ, 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ಮೀರಿದರೆ ನೋಂದಣಿಯೇ ರದ್ದು. ಹೊರ ರಾಜ್ಯದ ಖಾಸಗಿ ವಿಶ್ವವಿದ್ಯಾಲಯದಿಂದ 'ಎರಡೇ ವರ್ಷಕ್ಕೆ ಪಿಎಚ್‌ಡಿ' ಎನ್ನುವ ಏಜೆಂಟರನ್ನು ಹತ್ತಿರ ಸೇರಿಸಬೇಡಿ. 2025ರ ಜನವರಿಯಲ್ಲಿ ಯುಜಿಸಿ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಐದು ವರ್ಷ ಪಿಎಚ್‌ಡಿ ಪ್ರವೇಶ ಮಾಡದಂತೆ ತಡೆದಿದೆ, ನಿಯಮ ಪಾಲಿಸಲಿಲ್ಲ ಎಂಬ ಕಾರಣಕ್ಕೆ. ದುಡ್ಡು ಕೊಟ್ಟು, ಹೋಟೆಲಿನ ಸಭಾಂಗಣದಲ್ಲಿ ಶಾಲು ಹೊದ್ದು ಪಡೆಯುವ 'ಗೌರವ ಡಾಕ್ಟರೇಟ್' ಪಿಎಚ್‌ಡಿ ಅಲ್ಲ, ಅದರಿಂದ ಬಡ್ತಿಯೂ ಬರುವುದಿಲ್ಲ.

ಹೆಜ್ಜೆ 10: 'ಈಗ ಬೇಡ' ಎಂದು ಬಂದರೆ

ಮೇಲಿನ ಹೆಜ್ಜೆಗಳನ್ನೆಲ್ಲ ದಾಟಿ ಬೇಡ ಎನಿಸಿದರೆ ಅದು ಸೋಲಲ್ಲ. ಮಗಳ ಹತ್ತನೆಯ ತರಗತಿ, ತಂದೆಯ ಆರೋಗ್ಯ, ಎನ್‌ಒಸಿ ಕೊಡದ ಅಧಿಕಾರಿ, ಯಾವುದೇ ಕಾರಣ ಇರಲಿ, ಎರಡು ವರ್ಷ ಬಿಟ್ಟು ಮತ್ತೆ ನೋಡಬಹುದು. ಪಿಎಚ್‌ಡಿಗೆ ಯುಜಿಸಿ ವಯಸ್ಸಿನ ಮಿತಿ ಹಾಕಿಲ್ಲ.

ಪ್ರಶ್ನೆ ಕಾಡುತ್ತಿದೆ, ಪದವಿ ಬೇಕಿಲ್ಲ ಎನ್ನುವವರಿಗೆ ಧಾರವಾಡದಲ್ಲಿ ದೊಡ್ಡ ಪರಂಪರೆಯೇ ಇದೆ. ಶಂಬಾ ಜೋಶಿಯವರು ಇಲ್ಲಿಯ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದವರು. ಕನ್ನಡ ಸಂಸ್ಕೃತಿಯ ಸಂಶೋಧನೆಗೆ ಅವರು ಇಡೀ ಬದುಕು ಕೊಟ್ಟರು. 1970ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಯಾವ ಗೈಡೂ ಅವರಿಗೆ ವಿಷಯ ಕೊಟ್ಟಿರಲಿಲ್ಲ. ನಿಮ್ಮ ಹತ್ತು ಪುಟವನ್ನು ಇಪ್ಪತ್ತು ಮಾಡಿ ಒಂದು ಲೇಖನವಾಗಿ ಪ್ರಕಟಿಸಿ, ವಿಚಾರ ಸಂಕಿರಣದಲ್ಲಿ ಓದಿ. ಮುಂದೆ ಪಿಎಚ್‌ಡಿಗೆ ಹೋದರೂ ಅದು ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 11: 'ಹೌದು' ಎಂದು ಬಂದರೆ

ಪ್ರವೇಶಕ್ಕೆ ಎರಡು ದಾರಿ. ಯುಜಿಸಿ ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿಯಾಗಿ ನಡೆಯುತ್ತದೆ. 2024ರ ಜೂನ್ ಆವೃತ್ತಿಯಿಂದ 'ಪಿಎಚ್‌ಡಿಗೆ ಮಾತ್ರ' ಎಂಬ ವರ್ಗದಲ್ಲೂ ಅರ್ಹತೆ ಕೊಡುತ್ತಾರೆ, ಆ ಅಂಕ ಒಂದು ವರ್ಷ ಚಾಲ್ತಿಯಲ್ಲಿ ಇರುತ್ತದೆ. ವಿಶ್ವವಿದ್ಯಾಲಯವೇ ಪ್ರವೇಶ ಪರೀಕ್ಷೆ ನಡೆಸುವುದಾದರೆ ಅರ್ಧ ಪ್ರಶ್ನೆ ಸಂಶೋಧನಾ ವಿಧಾನದ ಮೇಲೆ, ಅರ್ಧ ನಿಮ್ಮ ವಿಷಯದ ಮೇಲೆ. ಎಂ.ಎ., ಎಂ.ಎಸ್ಸಿ. ಮುಗಿಸಿ ಹತ್ತು-ಹದಿನೈದು ವರ್ಷ ಆದವರು ವಿಷಯಕ್ಕೆ ಹೆದರುತ್ತಾರೆ, ಅಂಕ ಹೋಗುವುದು ಸಂಶೋಧನಾ ವಿಧಾನದಲ್ಲಿ. ಸ್ಯಾಂಪ್ಲಿಂಗ್, ಊಹೆಯ ಪರೀಕ್ಷೆ, ಪ್ರಶ್ನಾವಳಿ ತಯಾರಿ, ಉಲ್ಲೇಖ ಕೊಡುವ ಪದ್ಧತಿ ಇವಿಷ್ಟನ್ನು ಯಾವುದಾದರೂ ಪಠ್ಯದಿಂದ ಮೊದಲು ಗಟ್ಟಿ ಮಾಡಿಕೊಳ್ಳಿ.

ಪರೀಕ್ಷೆಯ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಸಂದರ್ಶನದಲ್ಲಿ ನೌಕರರನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಗೊತ್ತಿದ್ದದ್ದೇ: "ನಿಮಗ ಟೈಮ್ ಎಲ್ಲಿ ಸಿಗ್ತೈತ್ರಿ?" ಆಗ 'ಹೊಂದಿಸಿಕೋತೀನ್ರಿ ಸರ್' ಎಂದಷ್ಟೇ ಹೇಳಬೇಡಿ. ಮೂರು ಮಾತೂ ಇರುವ ಎನ್‌ಒಸಿ, ಗುರುತು ಹಾಕಿದ ವರ್ಷದ ಕ್ಯಾಲೆಂಡರ್, ಮೂರು ತಿಂಗಳಲ್ಲಿ ಬರೆದ ಹತ್ತು ಪುಟ ಇವು ಮೂರನ್ನೂ ಫೈಲಿನಲ್ಲಿ ಮೇಲೆಯೇ ಇಟ್ಟುಕೊಂಡು ಹೋಗಿ, ತೆಗೆದು ಮೇಜಿನ ಮೇಲೆ ಇಡಿ. ಮೂಲ ಪ್ರತಿ ಕೊಟ್ಟು ಬರಬೇಡಿ, ಝೆರಾಕ್ಸ್ ಎರಡೆರಡು ಸೆಟ್ ಮಾಡಿಸಿಕೊಂಡಿರಿ.